ತುಮಕೂರಿನಿಂದ ಮುಂಬೈಗೆ ಸಂಸಾರ ಸಾಗಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

2016ರ ಜೂನ್‌ನಲ್ಲಿ ನಾವು ಗಂಡ-ಹೆಂಡತಿ ಶಿರಾಗೇಟ್‌ನ ಬಾಡಿಗೆ ಮನೆ ಖಾಲಿ ಮಾಡಿ ಮುಂಬೈಗೆ ಹೋದೆವು. ಏಳು ವರ್ಷ ಇದ್ದು 2023ರಲ್ಲಿ ವಾಪಸ್ ಬಂದೆವು. ಈಗ ಬಟವಾಡಿಯಲ್ಲಿದ್ದೇವೆ. ಅಂದಿನಿಂದ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಪಕ್ಕದವರು ಎಲೆಗೆ ನೀರು ಚಿಮುಕಿಸುತ್ತಲೇ ಶುರು ಮಾಡುತ್ತಾರೆ: "ನಮ್ ಹುಡುಗನಿಗೆ ಮುಂಬೈಲಿ ಕೆಲ್ಸ ಸಿಕ್ಕಿದೆ, ಕಳಿಸ್ಬಹುದಾ?" ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಸಂಬಳ ಎಷ್ಟು ಜಾಸ್ತಿ ಆದರೆ ಹೋಗಬಹುದು?

ನಮ್ಮ ಲೆಕ್ಕವನ್ನೇ ಹೇಳುತ್ತೇನೆ. ನಮ್ಮೆಜಮಾನರಿಗೆ ಇಲ್ಲಿಗಿಂತ ತಿಂಗಳಿಗೆ 22 ಸಾವಿರ ಜಾಸ್ತಿ ಕೊಡುತ್ತೇವೆ ಅಂದರು. ಕೇಳಿದವರೆಲ್ಲ "ಅದೃಷ್ಟ ಕಣ್ರೀ" ಅಂದರು. ಇಲ್ಲಿ ಮನೆ ಬಾಡಿಗೆ 7,500 ಇತ್ತು, ಅಲ್ಲಿ ಮುಂಬೈ ಹೊರವಲಯದ ಡೊಂಬಿವಲಿಯಲ್ಲಿ 12 ಸಾವಿರ. ಅಲ್ಲಿಗೆ 4,500 ಹೋಯಿತು. ಕರೆಂಟು, ಪಾಸು, ಆಟೊ ಅಂತ 3 ಸಾವಿರ. ಊರಿಗೆ ಓಡಾಡುವ ಖರ್ಚನ್ನು ತಿಂಗಳಿಗೆ ಹಂಚಿದರೆ ಇನ್ನೊಂದು 3 ಸಾವಿರ. ಸುಸ್ತಾಗಿ ಬಂದು ಅಡುಗೆ ಮಾಡಲಾಗದೆ ಹೊರಗಿಂದ ತರಿಸಿದ್ದು 2,500. ಉಳಿದದ್ದು 9 ಸಾವಿರ. ಆ 9 ಸಾವಿರಕ್ಕೆ ಅವರು ದಿನಾ ಮೂರೂವರೆ ಗಂಟೆ ರೈಲಲ್ಲಿ ನಿಲ್ಲುತ್ತಿದ್ದರು.

ಆದ್ದರಿಂದ ಸಂಬಳದ ಚೀಟಿಯನ್ನೊಂದೇ ನೋಡಬೇಡಿ. ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ, ದಿನದ ಕೊನೆಗೆ ಎಷ್ಟು ಗಂಟೆ ಉಳಿಯುತ್ತದೆ, ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ನನಗೂ ದಾದರ್‌ನಲ್ಲಿ ಒಂದು ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ ಸಿಕ್ಕಿತು, ಆಮೇಲೆ ನಮಗೆ ನಿಜವಾಗಿ ದುಡ್ಡು ಕೂಡಿದ್ದು. ಇಬ್ಬರೂ ದುಡಿಯುವುದಾದರೆ ಮುಂಬೈ ಲಾಭ. ಒಬ್ಬರ ಸಂಬಳ, ಇಬ್ಬರು ಮಕ್ಕಳು ಅಂತಾದರೆ, ಸಂಬಳ ಎರಡರಷ್ಟಾಗದೆ ಹೊರಡಬೇಡಿ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ.

ಇನ್ನೊಂದು ಸಣ್ಣ ವಿಷಯ. ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಲೆಕ್ಕಕ್ಕೆ ತುಮಕೂರಿನಲ್ಲಿ ಮೂಲ ವೇತನದ ಶೇ. 40 ಮಿತಿ, ಮುಂಬೈಯಲ್ಲಿ ಶೇ. 50. ಬಾಡಿಗೆ ರಸೀದಿ ಎತ್ತಿಡಿ.

ಬೆಂಗಳೂರು 70 ಕಿ.ಮೀ. ಇರುವಾಗ ಅಷ್ಟು ದೂರ ಯಾಕೆ?

ಬೆಂಗಳೂರಲ್ಲೇ ಕೆಲಸ ಸಿಕ್ಕರೆ ಮುಂಬೈಗೆ ಹೋಗಲೇಬೇಡಿ. ಬೆಳಗಿನ ರೈಲಿಗೆ ಯಶವಂತಪುರಕ್ಕೆ ಹೋಗಿ ರಾತ್ರಿ ಮನೆಯಲ್ಲೇ ಉಣ್ಣುವವರು ನಮ್ಮೂರಲ್ಲಿ ಸಾವಿರಾರು ಜನ ಇದ್ದಾರೆ. ಬ್ಯಾಂಕು, ಷೇರುಪೇಟೆ, ವಿಮೆ, ಹಡಗು, ಸಿನಿಮಾ, ಜಾಹೀರಾತು ಇಂಥ ಕಡೆ ಕೆಲಸ ಮಾಡುವವರಿಗೆ ಮಾತ್ರ ಮುಂಬೈಗೆ ಬದಲಿ ಊರಿಲ್ಲ.

ಮನೆ ಎಲ್ಲಿ ಹಿಡಿಯಬೇಕು?

ಇದೊಂದನ್ನು ಸರಿಯಾಗಿ ಮಾಡಿದರೆ ಮಿಕ್ಕಿದ್ದೆಲ್ಲ ಹೇಗೋ ಆಗುತ್ತದೆ. ನಾವು ಇದರಲ್ಲೇ ಎಡವಿದ್ದು.

ಮುಂಬೈ ಉದ್ದಕ್ಕೆ ಮಲಗಿರುವ ಊರು. ರೈಲು ಹಳಿ ಅದರ ಬೆನ್ನುಮೂಳೆ. ಪಶ್ಚಿಮ ಲೈನು ಚರ್ಚ್‌ಗೇಟ್‌ನಿಂದ ದಾದರ್, ಅಂಧೇರಿ, ಬೊರಿವಲಿ, ವಿರಾರ್ ಕಡೆಗೆ ಹೋಗುತ್ತದೆ. ಸೆಂಟ್ರಲ್ ಲೈನು ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ದಾದರ್, ಕುರ್ಲಾ, ಘಾಟ್ಕೋಪರ್, ಠಾಣೆ, ಡೊಂಬಿವಲಿ, ಕಲ್ಯಾಣ್ ಕಡೆಗೆ. ಹಾರ್ಬರ್ ಲೈನು ವಾಶಿ, ಪನ್ವೇಲ್ ಕಡೆಗೆ. ಮುಂಬೈಯವರು ದೂರವನ್ನು ಕಿಲೋಮೀಟರಲ್ಲಿ ಹೇಳುವುದೇ ಇಲ್ಲ. "ಯಾವ ಲೈನು? ಸ್ಲೋನಾ, ಫಾಸ್ಟಾ?" ಅನ್ನುತ್ತಾರೆ. ಆಫೀಸು ಒಂದು ಲೈನಲ್ಲಿ, ಮನೆ ಇನ್ನೊಂದು ಲೈನಲ್ಲಿ ಅಂದರೆ ದಾದರ್ ಸೇತುವೆ ಹತ್ತಿಳಿದೇ ಆಯುಷ್ಯ ಮುಗಿಯುತ್ತದೆ.

ನಾವು ಬಾಡಿಗೆ ಕಡಿಮೆ ಅಂತ ಡೊಂಬಿವಲಿಯಲ್ಲಿ ಮನೆ ಹಿಡಿದೆವು. ಒಂದು ಬೆಡ್‌ರೂಮು, ಅಡುಗೆಮನೆ, ಸಣ್ಣ ಬಾಲ್ಕನಿ. ಫೋನಲ್ಲಿ ಫೋಟೊ ನೋಡಿ ನಮ್ಮತ್ತೆ "ಪರವಾಗಿಲ್ಲ, ಗಾಳಿ ಬೆಳಕು ಇದೆ" ಅಂದಿದ್ದರು. ಆದರೆ ಆ ಗಾಳಿ ಬೆಳಕನ್ನು ನಾವು ನೋಡಿದ್ದು ಭಾನುವಾರ ಮಾತ್ರ. ಯಜಮಾನರ ಆಫೀಸು ಅಂಧೇರಿ. ಬೆಳಿಗ್ಗೆ 7ಕ್ಕೆ ಮನೆ ಬಿಟ್ಟರೆ ರಾತ್ರಿ 9.

ಒಂದೂವರೆ ವರ್ಷ ಆದ ಮೇಲೆ ಘಾಟ್ಕೋಪರ್‌ಗೆ ಬಂದೆವು. ಮನೆ ಅರ್ಧ ಆಯಿತು, ಬಾಡಿಗೆ 21 ಸಾವಿರ ಆಯಿತು. ಅಲ್ಲಿ ಅದಕ್ಕೆ ಒನ್ ಆರ್‌ಕೆ ಅನ್ನುತ್ತಾರೆ. ಒಂದು ರೂಮು, ಒಂದು ಅಡುಗೆಮನೆ, ಅಷ್ಟೇ. ರಾತ್ರಿ ಹಾಸಿಗೆ ಬಿಡಿಸಿದರೆ ನಡೆಯಲು ಜಾಗ ಇಲ್ಲ. ಆದರೆ 2014ರಲ್ಲಿ ಶುರುವಾದ ಮೆಟ್ರೊ ಒಂದನೇ ಲೈನು ಘಾಟ್ಕೋಪರ್‌ನಿಂದ ನೇರ ಅಂಧೇರಿಗೆ ಹೋಗುತ್ತದೆ. ನನಗೆ ದಾದರ್ ಲೋಕಲ್‌ನಲ್ಲಿ ಇಪ್ಪತ್ತು ನಿಮಿಷ. ಸಂಜೆ 7ಕ್ಕೆ ಇಬ್ಬರೂ ಮನೆಯಲ್ಲಿ ಕೂತು ಕಾಫಿ ಕುಡಿದ ಮೊದಲ ದಿನ ನನಗಿನ್ನೂ ನೆನಪಿದೆ. ಅವತ್ತು ಬೇರೆ ಊರಿಗೆ ಬಂದ ಹಾಗೆ ಅನ್ನಿಸಿತು.

ಸಣ್ಣ ಮನೆ ಆದರೂ ಹತ್ತಿರ ಹಿಡಿಯಿರಿ. ಮೊದಲ ತಿಂಗಳು ಪಿಜಿಯಲ್ಲಿದ್ದು, ಆಫೀಸಿಗೆ ಹೋಗುವ ಹೊತ್ತಿನಲ್ಲೇ ರೈಲು ಹತ್ತಿ ನೋಡಿ. ಮಧ್ಯಾಹ್ನ 2 ಗಂಟೆಗೆ ಮನೆ ತೋರಿಸುವ ಬ್ರೋಕರ್ "ಸ್ಟೇಷನ್ನಿಗೆ ಐದೇ ನಿಮಿಷ" ಅಂದರೆ ನಗಿ, ಅಷ್ಟೇ.

ಅಡ್ವಾನ್ಸು, ಅಗ್ರಿಮೆಂಟು ಎಲ್ಲ ಇಲ್ಲಿಯ ಹಾಗೇನಾ?

ಅಲ್ಲ. ಅಲ್ಲಿ ಸಾಮಾನ್ಯವಾಗಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಅದನ್ನು ಬರೆದು ನೋಂದಾಯಿಸಲೇಬೇಕು. ನೋಂದಾಯಿಸುವ ಹೊಣೆ ಮನೆ ಮಾಲೀಕರದು. ನಮ್ಮ ಕಡೆ ಛಾಪಾ ಕಾಗದದ ಮೇಲೆ ಸೈನ್ ಹಾಕಿ ಬೀರುವಿನಲ್ಲಿಟ್ಟು ಮರೆಯುವ ಹಾಗೆ ಅಲ್ಲ. ಪೊಲೀಸ್ ಪರಿಶೀಲನೆ ಇರುತ್ತದೆ. ಸೊಸೈಟಿ, ಅಂದರೆ ಆ ಬಿಲ್ಡಿಂಗಿನ ಮನೆ ಮಾಲೀಕರ ಸಂಘದ ಒಪ್ಪಿಗೆಯನ್ನೂ ಕೇಳುತ್ತಾರೆ. ಆ ಸೊಸೈಟಿ ಕಮಿಟಿ ಒಂದು ಸಣ್ಣ ಸರ್ಕಾರ ಇದ್ದ ಹಾಗೆ. ನಿಮ್ಮ ಊರು, ಜಾತಿ, ಮೀನು ಮಾಂಸ ತಿನ್ನುತ್ತೀರಾ, ಎಲ್ಲ ಕೇಳುತ್ತಾರೆ. ನೇರ ಕೇಳದಿದ್ದರೆ ಸುತ್ತಿ ಬಳಸಿ ಕೇಳುತ್ತಾರೆ. ಒಂದು ಬಿಲ್ಡಿಂಗಿನಲ್ಲಿ ನಾಟಿಕೋಳಿ ಸಾರಿನ ಆಸೆ ಬಿಡುತ್ತೇವೆ ಅಂತ ಮಾತು ಕೊಟ್ಟರಷ್ಟೇ ಮನೆ ಅಂದರು. ಬಂದ ದಾರಿಗೆ ಸುಂಕವಿಲ್ಲ ಅಂತ ಇಳಿದು ಬಂದೆವು.

ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಕರಾರು ಹೊಸದು ಮಾಡಿದಾಗಲೂ ಕೇಳುವವರಿದ್ದಾರೆ. ನಮ್ಮಲ್ಲಿಯ ಭೋಗ್ಯದಂಥದ್ದು ಅಲ್ಲೂ ಇದೆ. ಹೆವಿ ಡಿಪಾಸಿಟ್ ಅನ್ನುತ್ತಾರೆ. ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು, ಬಾಡಿಗೆ ಇಲ್ಲದೆ ಅಥವಾ ತೀರಾ ಕಡಿಮೆಗೆ ಇರುವುದು. ಗೊತ್ತಿಲ್ಲದ ಊರಲ್ಲಿ ಗೊತ್ತಿಲ್ಲದವರ ಕೈಗೆ ಅಷ್ಟು ದುಡ್ಡು ಕೊಡುವ ಧೈರ್ಯ ನಮಗಾಗಲಿಲ್ಲ.

ಡೊಂಬಿವಲಿ ಮನೆ ಬಿಡುವಾಗ ಮಾಲೀಕರು ಸುಣ್ಣಬಣ್ಣಕ್ಕೆ ಅಂತ 18 ಸಾವಿರ ಹಿಡಿದುಕೊಂಡರು. ಗೋಡೆಯ ತೇವ ನಾವು ಬರುವ ಮೊದಲೇ ಇತ್ತು. ಅಂತ ಹೇಳಿದರೆ ಸಾಕ್ಷಿ ಎಲ್ಲಿ? ಘಾಟ್ಕೋಪರ್ ಮನೆಗೆ ಕಾಲಿಟ್ಟ ದಿನ ಹಾಲು ಉಕ್ಕಿಸುವ ಮೊದಲು ಮೂಲೆ ಮೂಲೆ ವಿಡಿಯೊ ಮಾಡಿ ಮಾಲೀಕರಿಗೇ ಕಳಿಸಿದೆ.

ಲೋಕಲ್ ರೈಲು ಹೆಂಗಸರಿಗೆ ಕಷ್ಟ ಅಲ್ವಾ?

ಮೊದಲ ವಾರ ಅತ್ತುಬಿಟ್ಟೆ. ಡೊಂಬಿವಲಿಯಲ್ಲಿ ರೈಲು ನಿಲ್ಲುವ ಮೊದಲೇ ಜನ ಹಾರಿ ಒಳಗಿರುತ್ತಾರೆ. ನಾನು ನಮ್ಮೂರ ಬಸ್ ಸ್ಟ್ಯಾಂಡಿನ ಅಭ್ಯಾಸದಲ್ಲಿ "ಇಳಿಯೋರು ಇಳೀಲಿ" ಅಂತ ಪಕ್ಕಕ್ಕೆ ನಿಂತೆ. ಮೂರು ರೈಲು ಹೋಯಿತು. ನಾಲ್ಕನೆಯದಕ್ಕೆ ಹಿಂದಿನವರು ತಳ್ಳಿದರು, ಅದರಿಂದ ಹತ್ತಿದೆ.

ಆಮೇಲೆ ಲೇಡೀಸ್ ಡಬ್ಬಿಯ ಕಾನೂನು ಕಲಿತೆ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಅರ್ಧ ಕೂತು ಅರ್ಧ ನೇತಾಡುವುದಕ್ಕೆ ಹಕ್ಕಿದೆ. ಅದನ್ನು ಯಾರೂ ಇಲ್ಲ ಅನ್ನುವುದಿಲ್ಲ. ಒಳಗೆ ಹೋದ ಕೂಡಲೇ ಕೂತವರನ್ನೆಲ್ಲ "ಎಲ್ಲಿ ಇಳೀತೀರಿ?" ಅಂತ ಕೇಳಬೇಕು. ಯಾರೋ "ಠಾಣೆ" ಅಂದರೆ ಆ ಸೀಟು ನಿಮ್ಮದು, ಬುಕ್ ಆದ ಹಾಗೆ. ಸಂಜೆ ಗಾಡಿಯಲ್ಲಿ ಒಬ್ಬರು ತೊಡೆ ಮೇಲೆ ಪೇಪರ್ ಹರಡಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲಿದ್ದ ನನಗೂ ಒಂದು ಕಟ್ಟು ಕೊಟ್ಟರು. ಭಾಷೆ ಬರುತ್ತಿರಲಿಲ್ಲ, ಸೊಪ್ಪು ಬಿಡಿಸುವುದು ಬರುತ್ತಿತ್ತು. ಮುಲುಂಡ್‌ನಿಂದ ಡೊಂಬಿವಲಿವರೆಗೆ ಬಿಡಿಸಿದೆ. ನನ್ನ ಮೊದಲ ಸ್ನೇಹ ಅದು.

ಸೆಕೆಂಡ್ ಕ್ಲಾಸ್ ಪಾಸು ತಿಂಗಳಿಗೆ ಐನೂರು ರೂಪಾಯಿ ಒಳಗೇ ಮುಗಿಯುತ್ತಿತ್ತು. ದುಬಾರಿ ಊರಿನಲ್ಲಿ ಅಗ್ಗವಾಗಿರುವ ವಸ್ತು ಅದೊಂದೇ ಇರಬೇಕು. ಭಾನುವಾರ ಹಳಿ ರಿಪೇರಿಗೆ ಮೆಗಾ ಬ್ಲಾಕ್ ಇರುತ್ತದೆ. ಆವತ್ತು ನೆಂಟರ ಮನೆಗೆ ಬರುತ್ತೇವೆ ಅಂತ ಮಾತು ಕೊಡಬೇಡಿ.

ಕಷ್ಟ ಹೌದು. ಆದರೆ ರಾತ್ರಿ 10 ಗಂಟೆಗೆ ಒಬ್ಬಳೇ ಸ್ಟೇಷನ್ನಿನಿಂದ ಮನೆಗೆ ನಡೆದು ಬರುವ ಧೈರ್ಯ ನನಗೆ ಬಂದಿದ್ದು ಅಲ್ಲೇ. ಇದನ್ನು ಲಾಭದ ಕಡೆ ಬರೆದುಕೊಳ್ಳಿ.

ಮಳೆ ಬಗ್ಗೆ ಹೆದರಿಸ್ತಾರಲ್ಲ, ನಿಜವಾ?

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿ.ಮೀ. ಮಳೆ ಬಿತ್ತು. ನಮ್ಮ ತುಮಕೂರಿಗೆ ಸಾಮಾನ್ಯವಾಗಿ ಇಡೀ ವರ್ಷಕ್ಕೂ ಅಷ್ಟು ಬೀಳುವುದಿಲ್ಲ. ಅಂಥದ್ದು ಮತ್ತೆ ಮತ್ತೆ ಆಗುವುದಿಲ್ಲ ನಿಜ. ಆದರೆ ವರ್ಷಕ್ಕೆ ಎರಡು ಮೂರು ದಿನ ಊರು ನಿಲ್ಲುತ್ತದೆ. ಜೋರು ಮಳೆಯೂ ಸಮುದ್ರದ ಉಬ್ಬರವೂ ಒಂದೇ ಹೊತ್ತಿಗೆ ಬಂದರೆ ನೀರು ಹೋಗಲು ದಾರಿ ಇಲ್ಲ. ಕಡಲಿಗೆ ಬಿಡುವ ಕಾಲುವೆ ತುಂಬಿ ಹಿಂದಕ್ಕೇ ನುಗ್ಗುತ್ತದೆ. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಸಯನ್, ಅಂಧೇರಿ ಸಬ್‌ವೇ ಇವೆಲ್ಲ ಮೊದಲು ಮುಳುಗುವ ಜಾಗಗಳು. ಆದ್ದರಿಂದ ಜೂನ್ ಬಂತೆಂದರೆ ಪೇಪರಿನಲ್ಲಿ ಉಬ್ಬರದ ಹೊತ್ತು ನೋಡುವುದು ರೂಢಿಯಾಗುತ್ತದೆ. ಇಲ್ಲಿ ನಾವು ರಾಹುಕಾಲ ನೋಡುವ ಹಾಗೆ.

2017ರ ಆಗಸ್ಟ್ 29ರಂದು ನಾನು ದಾದರ್‌ನಲ್ಲಿ ಸಿಕ್ಕಿಬಿದ್ದೆ. ರೈಲು ನಿಂತಿತ್ತು. ಸೊಂಟದವರೆಗೆ ನೀರು. ಆಫೀಸಿನ ಗೆಳತಿಯೊಬ್ಬಳ ಮಾಟುಂಗದ ಮನೆಗೆ ಕೈ ಕೈ ಹಿಡಿದು ನಡೆದೆವು. ದಾರಿಯುದ್ದಕ್ಕೂ ಗುರುತಿಲ್ಲದ ಜನ ಬಾಗಿಲಲ್ಲಿ ನಿಂತು ಬಿಸ್ಕತ್ತು, ಚಹ ಕೊಡುತ್ತಿದ್ದರು. ಮುಚ್ಚಳ ತೆಗೆದ ಮ್ಯಾನ್‌ಹೋಲ್ ಹತ್ತಿರ ಹುಡುಗರು ಕೋಲು ನೆಟ್ಟು ಕಾವಲು ನಿಂತಿದ್ದರು. ಮಳೆಗಾಲದಲ್ಲಿ ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ, ಪವರ್ ಬ್ಯಾಂಕು ಇರಲಿ. ನೆಲಮಹಡಿ ಮನೆ ಬೇಡ.

ಸೆಕೆ ತಡೆಯೋಕಾಗುತ್ತಾ?

ಉಷ್ಣಾಂಶ ನೋಡಿದರೆ "ಶಿರಾ, ಪಾವಗಡದ ಬಿಸಿಲಿಗಿಂತ ಕಡಿಮೆ" ಅನ್ನಿಸುತ್ತದೆ. ಮೋಸ ಹೋಗಬೇಡಿ. ನಮ್ಮದು ಒಣ ಬಿಸಿಲು, ಮರದ ಕೆಳಗೆ ಹೋದರೆ ಮುಗಿಯಿತು. ಅಲ್ಲಿ ಬೆವರು ಆರುವುದೇ ಇಲ್ಲ. ಸ್ನಾನ ಮಾಡಿ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬೆವರು. ಮಳೆ ಹೋದ ಮೇಲೆ ಅಕ್ಟೋಬರಿನಲ್ಲಿ ಇನ್ನೊಂದು ಸುತ್ತು ಸೆಕೆ ಬರುತ್ತದೆ.

ನಮ್ಮಮ್ಮ ತಿಪಟೂರಿನಿಂದ ತರಿಸಿ ಎರಡು ಕೆಜಿ ಕೊಬ್ಬರಿ ಕಟ್ಟಿಕೊಟ್ಟಿದ್ದರು. ಇಲ್ಲಿ ವರ್ಷ ಇಟ್ಟರೂ ಏನೂ ಆಗದ ಸರಕು. ಜುಲೈ ಕೊನೆಗೆ ಡಬ್ಬಿ ತೆಗೆದರೆ ಗಿಟುಕಿನ ಒಳಗೆಲ್ಲ ಹಸಿರು ಬೂಷ್ಟು. ಹಪ್ಪಳ ಮೆತ್ತಗೆ, ಉಪ್ಪು ನೀರು, ಚರ್ಮದ ಬೆಲ್ಟು ಬಿಳಿ. ಬಟ್ಟೆ ಮೂರು ದಿನ ಫ್ಯಾನಿನ ಕೆಳಗಿದ್ದರೂ ಒಂಥರಾ ವಾಸನೆ. ಹೋಗುವ ಮೊದಲು ಗಾಳಿಯಾಡದ ಡಬ್ಬಿಗಳನ್ನು ತೆಗೆದುಕೊಳ್ಳಿ.

ನೀರು?

ಇದರಲ್ಲಿ ಮುಂಬೈ ಗೆದ್ದಿತು. ತುಮಕೂರಿನಲ್ಲಿ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ನಲ್ಲಿಗೆ ಬರುವ ದಿನ ಕಾದು ಕೊಡ ಡ್ರಮ್ಮು ತುಂಬಿಸಿ ಬೆಳೆದವಳು ನಾನು. ಅಲ್ಲಿ ಭಾತ್ಸಾ, ತಾನಸಾ, ವೈತರಣ ಹೀಗೆ ಏಳು ಕೆರೆ ಜಲಾಶಯಗಳ ನೀರು ಬರುತ್ತದೆ. ಘಾಟ್ಕೋಪರ್‌ನಲ್ಲಿ ನಮಗೆ ದಿನಾ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಮಳೆ ತಡವಾದರೆ ಪಾಲಿಕೆ ಸ್ವಲ್ಪ ಕಡಿತ ಮಾಡುತ್ತದೆ, ಆಗ ಇಡೀ ಊರು ಗೊಣಗುತ್ತದೆ. ನಾನು ಸುಮ್ನೆ ನಗುತ್ತಿದ್ದೆ.

ಮುದ್ದೆ ಸಿಗುತ್ತಾ?

ಅಂಗಡಿಯಲ್ಲಿ ರಾಗಿ ಅಂದರೆ ಕೆಲವರಿಗೆ ತಿಳಿಯುವುದಿಲ್ಲ, "ನಾಚಣಿ" ಅಂದರೆ ಕೊಡುತ್ತಾರೆ. ಹಿಟ್ಟು ಸಣ್ಣ ಪೊಟ್ಟಣದಲ್ಲಿ, ಮಗುವಿನ ಆಹಾರದ ಹಾಗೆ. ಕಾಳು ತಂದು ಹಿಟ್ಟಿನ ಗಿರಣಿಯಲ್ಲಿ ಹಾಕಿಸುವುದು ಒಳ್ಳೆಯದು. ಮಾಟುಂಗ ಸ್ಟೇಷನ್ ಹತ್ತಿರದ ಮಾರುಕಟ್ಟೆಯಲ್ಲಿ ಬಾಳೆಎಲೆ, ಕರಿಬೇವು, ಫಿಲ್ಟರ್ ಕಾಫಿ ಪುಡಿ, ಮಲ್ಲಿಗೆ ದಂಡೆ ಎಲ್ಲ ಸಿಗುತ್ತದೆ. ಉಡುಪಿ ಹೋಟೆಲುಗಳೂ ಅಲ್ಲೇ ಸಾಲಾಗಿವೆ. ಇಡ್ಲಿ ಚೆನ್ನಾಗಿದೆ, ಸಾಂಬಾರು ಸಿಹಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ, ನೆನೆಸಿಕೊಳ್ಳಬೇಡಿ.

ಕನ್ನಡದವರು ಇದ್ದಾರಾ? ಭಾಷೆ ಹೇಗೆ?

ಬೇಕಾದಷ್ಟು ಇದ್ದಾರೆ. ಆದರೆ ಹೆಚ್ಚಿನವರು ಕರಾವಳಿಯವರು. ಹೋಟೆಲ್ ಗಲ್ಲಾದಲ್ಲಿ ನೀವು ಕನ್ನಡ ಮಾತಾಡಿದರೆ ಖುಷಿಯಾಗಿ "ಎಂತ ಬೇಕು?" ಅನ್ನುತ್ತಾರೆ, ತಕ್ಷಣ ಒಳಗಿನವರಿಗೆ ತುಳುವಿನಲ್ಲಿ ಆರ್ಡರ್ ಹೇಳುತ್ತಾರೆ. "ಯಾವೂರಮ್ಮ?" ಅಂತ ಕೇಳಿ ತುಮಕೂರು ಅಂದರೆ "ಹೋ, ಬೆಂಗಳೂರಾ" ಅನ್ನುತ್ತಾರೆ. ಅಭ್ಯಾಸವಾಗುತ್ತದೆ.

1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಮಾಟುಂಗದಲ್ಲಿದೆ. ನಮ್ಮ ಬಯಲುಸೀಮೆಯವರು ಸಿಗುವುದು ಅಲ್ಲೇ ಜಾಸ್ತಿ. ಕರ್ನಾಟಕ ಸಂಘದಲ್ಲಿ ನಾಟಕ, ಉಪನ್ಯಾಸ ನಡೆಯುತ್ತವೆ. ಅಂದಹಾಗೆ, ನಮ್ಮ ಪಕ್ಕದ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೂ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲೇ ಕೆಲಸ ಶುರು ಮಾಡಿದ್ದು. ಈ ಕಡೆಯವರು ಆ ಕಡೆ ಹೋಗುವುದು ಹೊಸದೇನಲ್ಲ.

ಹಿಂದಿಯಲ್ಲಿ ಕೆಲಸ ನಡೆಯುತ್ತದೆ. ಆದರೂ ನಾಲ್ಕು ಮಾತು ಮರಾಠಿ ಕಲಿಯಿರಿ. ಇಲ್ಲಿಗೆ ಬಂದವರು ಕನ್ನಡ ಕಲಿಯಲಿ ಅಂತ ನಾವು ಹೇಳುವುದಿಲ್ವಾ?

ಮಕ್ಕಳ ಸ್ಕೂಲು?

ನಮಗೆ ಆಗ ಮಕ್ಕಳಿರಲಿಲ್ಲ, ಆದ್ದರಿಂದ ಜಾಸ್ತಿ ಹೇಳಲಾರೆ. ರಾಜ್ಯ ಪಠ್ಯಕ್ರಮದ ಶಾಲೆಗಳು ಅಲ್ಲಿ ಜೂನ್ ಮಧ್ಯಕ್ಕೆ ಶುರುವಾಗುತ್ತವೆ. 2020ರ ಕಾಯ್ದೆಯಂತೆ ಎಲ್ಲ ಶಾಲೆಯಲ್ಲೂ ಮರಾಠಿ ಕಲಿಸಬೇಕು. ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳೂ ಇವೆ.

ಗಾಡಿ ತೆಗೆದುಕೊಂಡು ಹೋಗಬಹುದಾ?

ಕಾರು ಬೇಡವೇ ಬೇಡ, ನಿಲ್ಲಿಸಲು ಜಾಗ ಇಲ್ಲ. ಕೆಎ 06 ಸ್ಕೂಟರನ್ನು ರೈಲಿಗೆ ಹಾಕಿ ಒಯ್ಯಬಹುದು, ಆದರೆ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟರೆ ಅಲ್ಲಿಯ ನೋಂದಣಿ ಮಾಡಿಸಬೇಕು. ನಾವು ತಮ್ಮನಿಗೆ ಕೊಟ್ಟು ಹೋದೆವು.

ಊರಲ್ಲಿ ಅಪ್ಪ-ಅಮ್ಮ ಇದ್ದಾರೆ, ಏನು ಮಾಡೋದು?

ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಇದು. ದಾದರ್‌ನಿಂದ ಹೊರಡುವ ಚಾಲುಕ್ಯ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಅರಸೀಕೆರೆ ಮೇಲೆ ತುಮಕೂರಿಗೇ ಬರುತ್ತದೆ, ಹೆಚ್ಚುಕಡಿಮೆ ಒಂದು ದಿನ. ನಮ್ಮೂರ ಪಕ್ಕದಲ್ಲೇ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಕೂಡ ಪುಣೆ ಮೇಲೆ ಮುಂಬೈ ಕಡೆಗೇ ಹೋಗುತ್ತದೆ. ನಕ್ಷೆಯಲ್ಲಿ ಸುಲಭ. ಆದರೆ ನಮ್ಮತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ದಿನ ಬೆಳಿಗ್ಗೆ 6ಕ್ಕೆ ಫೋನು ಬಂತು. ವಿಮಾನ ಹಿಡಿದು, ದೇವನಹಳ್ಳಿಯಲ್ಲಿ ಇಳಿದು, ಟ್ಯಾಕ್ಸಿಯಲ್ಲಿ ತುಮಕೂರು ತಲುಪಿದಾಗ ಸಂಜೆ 5. ಅಷ್ಟರಲ್ಲಿ ಎದುರುಮನೆಯವರೇ ಆಸ್ಪತ್ರೆಗೆ ಸೇರಿಸಿ, ದುಡ್ಡು ಕಟ್ಟಿ, ಗಂಜಿಯನ್ನೂ ತಂದಿದ್ದರು. ಹೊರಡುವ ಮೊದಲು ಅಂಥ ಒಂದು ಮನೆಯವರಿಗೆ ಕೀಲಿಕೈ, ಡಾಕ್ಟರ್ ನಂಬರು, ಸ್ವಲ್ಪ ದುಡ್ಡು ಕೊಟ್ಟು ಹೋಗಿ.

ಅವರನ್ನೇ ಅಲ್ಲಿಗೆ ಕರೆಸಿಕೊಳ್ಳುವುದು? ಮಾವ ಹದಿನೈದು ದಿನಕ್ಕೆ ಬಂದು ಒಂಬತ್ತನೇ ದಿನಕ್ಕೆ ಟಿಕೆಟ್ ಮಾಡಿಸು ಅಂದರು. "ನಾಲ್ಕನೇ ಮಹಡಿ, ಲಿಫ್ಟಿಲ್ಲ, ಜಗಲಿ ಇಲ್ಲ, ಮಾತಾಡ್ಸೋರಿಲ್ಲ. ಸಮುದ್ರ ನೋಡಿದ್ದಾಯ್ತಲ್ಲ."

ಸೈಟು ಮಾರಿ ಅಲ್ಲೇ ಫ್ಲ್ಯಾಟ್ ತಗೊಂಡ್ರೆ?

ಬೇಡ. ಇಲ್ಲಿಯ 30×40 ಅಡಿಯ ಒಂದು ಸೈಟು ಮಾರಿದ ದುಡ್ಡು ಅಲ್ಲಿ ಅಡುಗೆಮನೆಗೂ ಸಾಲುವುದು ಕಷ್ಟ.

ಸಮುದ್ರವೇ ಬೇಕಿದ್ದರೆ ಮಂಗಳೂರು ಆಗಲ್ವಾ?

ಆಗುತ್ತದೆ. ಸೆಕೆ, ಬೂಷ್ಟು, ಮಳೆ ಎಲ್ಲ ಅಲ್ಲೂ ಇವೆ, ಬಾಡಿಗೆ ಅಷ್ಟಿಲ್ಲ. ಸಂಬಳವೂ ಅಷ್ಟಿಲ್ಲ.

ನಿಮಗೆ ಅಲ್ಲಿಯದು ಏನು ನೆನಪಾಗುತ್ತದೆ?

ಶನಿವಾರ ಸಂಜೆ ದಾದರ್ ಚೌಪಾಟಿಯ ಕಡಲ ದಂಡೆಯಲ್ಲಿ ಕಡಲೆಕಾಯಿ ತಿನ್ನುತ್ತಾ ಕೂರುತ್ತಿದ್ದೆವು. ಕೋಟಿ ಮನೆಯವರಿಗೂ ಅದೇ ಗಾಳಿ, ನಮಗೂ ಅದೇ ಗಾಳಿ. ದುಡ್ಡು ಕೇಳದ ಜಾಗ. ಕೆಲಸದ ವಿಷಯದಲ್ಲಿ ಜನ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು, ಸುಮ್ನೆ ಕಾಲ ಕಳೆಯುವವರು ಕಡಿಮೆ. ಅದನ್ನೂ ನೆನೆಸಿಕೊಳ್ಳುತ್ತೇನೆ, ವಿಶೇಷವಾಗಿ ಇಲ್ಲಿ ಪ್ಲಂಬರ್‌ಗೆ ಕಾಯುವಾಗ.

ಸಾಮಾನು ಏನೇನು ಒಯ್ಯಬೇಕು?

ಮುದ್ದೆ ಕೋಲು, ಒರಳಿನ ಬದಲು ಮಿಕ್ಸಿ, ಎರಡು ಕೊಡೆ, ಹತ್ತಿಯ ತೆಳು ಬಟ್ಟೆ. ಮಂಚ ಬೇಡ. ಕಬ್ಬಿಣದ ಬೀರು ಅಂತೂ ಬೇಡವೇ ಬೇಡ. ಅದು ನನ್ನ ತವರಿನ ಬಳುವಳಿ, ಬಿಟ್ಟು ಹೋಗಲು ಮನಸ್ಸಾಗದೆ ಲಾರಿಗೆ ಹಾಕಿಸಿದೆ. ಡೊಂಬಿವಲಿಯ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಎರಡು ಗಂಟೆ ಇಡೀ ಬಿಲ್ಡಿಂಗಿನವರು ಮೇಲೂ ಇಲ್ಲ, ಕೆಳಗೂ ಇಲ್ಲ. ಎರಡು ಮಳೆಗಾಲಕ್ಕೆ ಅದರ ಕಾಲು ತುಕ್ಕು ಹಿಡಿದು ಉದುರಿತು. ಘಾಟ್ಕೋಪರ್ ಮನೆಗೆ ಅದು ಹಿಡಿಸುವ ಹಾಗೇ ಇರಲಿಲ್ಲ. ಪಕ್ಕದ ಮನೆಯ ಮಾವಶಿಗೆ (ಮರಾಠಿಯಲ್ಲಿ ಚಿಕ್ಕಮ್ಮ) ಕೊಟ್ಟೆ. ಅವರು ಇಟ್ಟಿಗೆ ಮೇಲೆ ನಿಲ್ಲಿಸಿ ಅಕ್ಕಿ ತುಂಬಿದ್ದಾರಂತೆ, ದೀಪಾವಳಿಗೆ ಫೋನ್ ಮಾಡಿದಾಗ ಹೇಳಿದರು.